ಹೊರಗಾಗುವ ಮೊದಲಿನ ಆ ಒಂದು ವಾರ: ಅಡುಗೆಮನೆ ಕ್ಯಾಲೆಂಡರಿನಿಂದ ಶುರು ಮಾಡಿ

ಕಳೆದ ಆಷಾಢ. ಮೂರು ದಿನದಿಂದ ಬಿಟ್ಟೂಬಿಡದೆ ಮಳೆ. ಒಲೆ ಮೇಲೆ ಕಟ್ಟಿದ ಹಗ್ಗದಲ್ಲಿ ಒದ್ದೆ ಬಟ್ಟೆ ಹೊಗೆ ವಾಸನೆ ಹಿಡಿದು ನೇತಾಡುತ್ತಿತ್ತು. ನಾನು ನೀರುದೋಸೆ ಹೊಯ್ಯುತ್ತಿದ್ದೆ. ಮೊದಲನೆಯದು ಕಾವಲಿಗೆ ಅಂಟಿತು. ಎರಡನೆಯದೂ ಅಂಟಿತು. ಮೂರನೆಯದನ್ನು ಎಬ್ಬಿಸುವಾಗ ಅರ್ಧಕ್ಕೆ ಹರಿದು ಮುದ್ದೆಯಾಯಿತು, ಅಷ್ಟರಲ್ಲಿ ಮಗಳು ಬಂದು "ಅಮ್ಮಾ, ಇವತ್ತೂ ಕಾಯಿಚಟ್ನಿನೇನಾ?" ಅಂದಳು. ಅಷ್ಟೇ. ಸಟ್ಟುಗ ಎಸೆದೆ, ಅವಳಿಗೆ ಬೈದೆ, ನಮ್ಮನೆಯವರಿಗೂ ಬೈದೆ, ಕೊನೆಗೆ ಬಚ್ಚಲೊಲೆ ಮುಂದೆ ಕೂತು ಅಡಿಕೆ ಸಿಪ್ಪೆಯನ್ನು ಒಂದೊಂದೇ ಬೆಂಕಿಗೆ ತಳ್ಳುತ್ತಾ ಅತ್ತೂ ಬಿಟ್ಟೆ. ಯಾಕೆ ಅಂತ ಕೇಳಿದರೆ ನನ್ನ ಹತ್ತಿರ ಕಾರಣ ಇರಲಿಲ್ಲ. ಮರುದಿನ ಮಧ್ಯಾಹ್ನ ಹೊರಗಾದೆ, ಅಂದರೆ ಮುಟ್ಟಾದೆ. ಇನ್ನೆರಡು ದಿನಕ್ಕೆ ಮನಸ್ಸು ತಿಳಿಯಾಯಿತು, ಅದೇ ಕಾವಲಿ ಮೇಲೆ ಒಂಚೂರೂ ಸಿಟ್ಟಿರಲಿಲ್ಲ.

ಅತ್ತೆ ಆಗ ಹೇಳಿದರು: "ನಿಂಗೆ ಹೊರಗಾಗೋ ಮುಂಚೆ ಪ್ರತೀ ಸಲ ಹಿಂಗೇ ಆಗ್ತದಲ್ಲ ಮಾರಾಯ್ತಿ, ನಿಂಗೇ ಗೊತ್ತಾಗಲ್ವಾ?"

ಗೊತ್ತಾಗಿರಲಿಲ್ಲ, ನಿಜ. ನಮ್ಮ ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಗ್ಯಾಸ್ ಸಿಲಿಂಡರ್ ಬಂದ ದಿನ ಬರೆದಿರುತ್ತದೆ. ಡೇರಿಗೆ ಹಾಕಿದ ಹಾಲಿನ ಲೆಕ್ಕ ಇರುತ್ತದೆ. ಕೊಟ್ಟಿಗೆಯ ಹಸು ಬೆದೆಗೆ ಬಂದ ದಿನಕ್ಕೆ ಸುತ್ತು ಹಾಕಿ, 21 ದಿನ ಎಣಿಸಿ ಮತ್ತೊಂದು ಸುತ್ತು ಹಾಕಿಟ್ಟಿರುತ್ತೇವೆ. ನನ್ನ ತಾರೀಕು ಮಾತ್ರ ಎಲ್ಲೂ ಇರಲಿಲ್ಲ. "ಹೋದ ಸಲ ಹಬ್ಬದ ಆಸುಪಾಸಿನಲ್ಲಿ ಆಗಿತ್ತು" ಅಂತ ಅಂದಾಜಿನಲ್ಲಿ ನಡೆಸುತ್ತಿದ್ದೆ. ಹಾಗಾಗಿ ನಾನು ಹೇಳುವ ಮೊದಲ ಮದ್ದು ಕಷಾಯವೂ ಅಲ್ಲ, ಮಾತ್ರೆಯೂ ಅಲ್ಲ, ಆ ಕ್ಯಾಲೆಂಡರ್.

ನಾನು ಡಾಕ್ಟರ್ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಓದಿದ್ದು, ಡಾಕ್ಟರ್ ಹತ್ತಿರ ಕೇಳಿದ್ದು, ನನ್ನ ಮೇಲೇ ಮಾಡಿ ನೋಡಿದ್ದು, ಇಷ್ಟನ್ನು ಸೇರಿಸಿ ಬರೆಯುತ್ತಿದ್ದೇನೆ.

ಇದು ಏನು, ಯಾಕೆ ಆಗುತ್ತದೆ

ಮುಟ್ಟಿಗೆ ಒಂದೆರಡು ವಾರ ಮೊದಲು ಶುರುವಾಗಿ, ಮುಟ್ಟು ಬಂದ ಮೇಲೆ ಮೂರು ನಾಲ್ಕು ದಿನದಲ್ಲಿ ಹೋಗುವ ತೊಂದರೆಗಳ ಗುಂಪಿಗೆ ಪಿಎಂಎಸ್ ಅನ್ನುತ್ತಾರೆ. ಎದೆ ಭಾರ, ಹೊಟ್ಟೆ ಉಬ್ಬರ, ತಲೆನೋವು, ಸೊಂಟ ಹಿಡಿದಂತಾಗುವುದು, ಮುಖದ ಮೇಲೆ ಮೊಡವೆ, ಸಿಹಿ ಬೇಕೇ ಬೇಕು ಅನ್ನಿಸುವುದು, ನಿದ್ದೆ ಬಾರದಿರುವುದು, ಸುಮ್ ಸುಮ್ನೆ ಸಿಟ್ಟು, ಸುಮ್ ಸುಮ್ನೆ ಅಳು. ಎಲ್ಲ ಎಲ್ಲರಿಗೂ ಆಗುವುದಿಲ್ಲ. ನನಗೆ ಸಿಟ್ಟು ಮತ್ತು ಉಬ್ಬರ. ನನ್ನ ನಾದಿನಿಗೆ ಸಿಟ್ಟೇ ಇಲ್ಲ, ಬರೀ ತಲೆನೋವು, ಅದೂ ಎರಡೇ ದಿನ.

ಕಾರಣ ಪೂರ್ತಿ ಬಿಡಿಸಿ ಹೇಳಲು ವೈದ್ಯರಿಗೂ ಇನ್ನೂ ಆಗಿಲ್ಲ. ಗೊತ್ತಿರುವಷ್ಟು ಹೀಗೆ: ಮುಂದಿನ ಮುಟ್ಟಿಗೆ ಸುಮಾರು 14 ದಿನ ಇರುವಾಗ ಅಂಡಾಣು ಬಿಡುಗಡೆಯಾಗುತ್ತದೆ, ಆಮೇಲೆ ಪ್ರೊಜೆಸ್ಟೆರಾನ್ ಅನ್ನುವ ಹಾರ್ಮೋನು ಏರುತ್ತದೆ, ಗರ್ಭ ನಿಲ್ಲದಿದ್ದರೆ ಅದೂ ಈಸ್ಟ್ರೋಜನ್ನೂ ಇಳಿಯುತ್ತವೆ. ಈ ಏರಿಳಿತ ಎಲ್ಲ ಹೆಂಗಸರಿಗೂ ಇದ್ದದ್ದೇ. ಕೆಲವರ ಮಿದುಳಿಗೆ ಅದು ಜಾಸ್ತಿ ತಾಗುತ್ತದೆ, ಮನಸ್ಸನ್ನು ಸಮಸ್ಥಿತಿಯಲ್ಲಿಡುವ ಸೆರೊಟೋನಿನ್ ಏರುಪೇರಾಗುತ್ತದೆ. ಹಾರ್ಮೋನಿನ ರಕ್ತಪರೀಕ್ಷೆ ಮಾಡಿಸಿದರೆ ರಿಪೋರ್ಟ್ ಸಾಮಾನ್ಯವಾಗಿ ಸರಿಯಾಗಿಯೇ ಬರುತ್ತದೆ. ರಿಪೋರ್ಟ್ ಸರಿ ಇದೆ ಅಂದ ಮಾತ್ರಕ್ಕೆ ನೀವು ನಾಟಕ ಮಾಡುತ್ತಿದ್ದೀರಿ ಅಂತ ಅಲ್ಲ. 1931ರಲ್ಲೇ ರಾಬರ್ಟ್ ಫ್ರಾಂಕ್ ಅನ್ನುವ ಅಮೆರಿಕದ ವೈದ್ಯ ಇದನ್ನು ಗುರುತಿಸಿ ಬರೆದಿದ್ದರು. ನಮ್ಮ ಮನೆಗಳಲ್ಲಿ ಮಾತ್ರ ಇವತ್ತಿಗೂ ಇದಕ್ಕೆ "ಅವಳ ಸ್ವಭಾವವೇ ಹಾಗೆ" ಅನ್ನುವ ಹೆಸರು.

ಗುರುತು ಹಾಕುವುದು ಹೇಗೆ

ಮುಟ್ಟಾದ ಮೊದಲ ದಿನಕ್ಕೆ ಒಂದು ಸುತ್ತು. ಅದು ಮೊದಲ ದಿನ, ಅಲ್ಲಿಂದ ಎಣಿಕೆ. ಆಮೇಲೆ ದಿನಾ ರಾತ್ರಿ ಪಾತ್ರೆ ತೊಳೆದು ಬಂದ ಮೇಲೆ ಒಂದೇ ಒಂದು ಅಕ್ಷರ ಬರೆಯಿರಿ. ಸಿಟ್ಟಿಗೆ ಸಿ, ಉಬ್ಬರಕ್ಕೆ ಉ, ತಲೆನೋವಿಗೆ ತ, ನಿದ್ದೆ ಇಲ್ಲದ್ದಕ್ಕೆ ನಿ. ಪಕ್ಕದಲ್ಲಿ ಸ್ವಲ್ಪ ಇದ್ದರೆ 1, ತುಂಬಾ ಇದ್ದರೆ 3. ಏನೂ ಇಲ್ಲದ ದಿನ ಒಂದು ಗೀಟು ಎಳೆಯಿರಿ. ಗೀಟು ಮರೆಯಬೇಡಿ, ಅದು ಮುಖ್ಯ. ಮನೆಯವರ ಕಣ್ಣಿಗೆ ಬೀಳುವುದು ಮುಜುಗರ ಅನ್ನಿಸಿದರೆ ಮೊಬೈಲಿನಲ್ಲೋ ಸಾಮಾನಿನ ಪಟ್ಟಿ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲೋ ಬರೆದುಕೊಳ್ಳಿ.

ಕಡೇಪಕ್ಷ ಎರಡು ತಿಂಗಳು, ಆಗುವುದಾದರೆ ಮೂರು. ಅಷ್ಟಾದ ಮೇಲೆ ಹಾಳೆ ನೋಡಿದರೆ ತಾನಾಗೇ ಹೇಳುತ್ತದೆ. ಮುಟ್ಟು ನಿಂತ ಮೇಲಿನ ಒಂದು ವಾರ ಬರೀ ಗೀಟು, ಮುಂದಿನ ಮುಟ್ಟಿಗೆ ಮೊದಲಿನ ವಾರ ಅಕ್ಷರಗಳ ಸಂತೆ, ಹೀಗಿದ್ದರೆ ಅದು ಪಿಎಂಎಸ್. ತಿಂಗಳಿಡೀ ಅಕ್ಷರಗಳೇ ತುಂಬಿದ್ದರೆ ಬೇರೆ ಏನೋ ಇದೆ. ರಕ್ತ ಕಡಿಮೆ ಇರಬಹುದು, ಥೈರಾಯ್ಡ್ ಇರಬಹುದು, ಖಿನ್ನತೆ ಇರಬಹುದು, ಮುಟ್ಟಿನ ಹತ್ತಿರ ಅದು ಇನ್ನಷ್ಟು ಕೆರಳುತ್ತಿರಬಹುದು. ಗರ್ಭಿಣಿ ಅಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ ಅನ್ನುತ್ತಾರೆ. ಆ ಪರೀಕ್ಷೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗುತ್ತದೆ, ಮೊದಲು ಅದನ್ನು ಮಾಡಿಸಿಬಿಡಿ. ನನ್ನ ಸುಸ್ತಿನಲ್ಲಿ ಅರ್ಧ ಪಾಲು ಅದರದ್ದೇ ಆಗಿತ್ತು. ಅದನ್ನೂ ಪಿಎಂಎಸ್ ತಲೆಗೆ ಕಟ್ಟಿದ್ದೆ.

ಊಟ: ಏನು ಸೇರಿಸಬೇಕು

ಇಷ್ಟೆಲ್ಲ ಮನೆಮದ್ದುಗಳಲ್ಲಿ ಚೆನ್ನಾಗಿ ಪರೀಕ್ಷೆಯಾಗಿ ಪಾಸಾದದ್ದು ಯಾವುದು ಅಂತ ಕೇಳಿದರೆ ಉತ್ತರ ಸಪ್ಪೆ: ಕ್ಯಾಲ್ಸಿಯಂ. 1998ರಲ್ಲಿ ಅಮೆರಿಕದಲ್ಲಿ 466 ಹೆಂಗಸರ ಮೇಲೆ ಒಂದು ಅಧ್ಯಯನ ಆಯಿತು. ಅರ್ಧ ಜನಕ್ಕೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ, ಉಳಿದವರಿಗೆ ಅದರಂತೆಯೇ ಕಾಣುವ ಹುಸಿ ಮಾತ್ರೆ. ಮೂರನೇ ತಿಂಗಳ ಹೊತ್ತಿಗೆ ಕ್ಯಾಲ್ಸಿಯಂ ತಿಂದವರಿಗೆ ತೊಂದರೆ ಶೇಕಡಾ 48 ಕಡಿಮೆಯಾಗಿತ್ತು. ಹುಸಿ ಮಾತ್ರೆ ತಿಂದವರಿಗೆ? ಶೇಕಡಾ 30. ಈ ಎರಡನೇ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಏನೂ ಇಲ್ಲದ ಮಾತ್ರೆಗೂ ಸುಮಾರು ಮೂರನೇ ಒಂದು ಪಾಲು ಗುಣ ಕಾಣಿಸುತ್ತದೆ ಅಂದರೆ, ಪಕ್ಕದ ಮನೆಯವರು "ನಂಗೆ ಈ ಬೇರಿಂದ ಹೋಯ್ತು ನೋಡಿ" ಅಂದಾಗ ಅವರು ಸುಳ್ಳು ಹೇಳುತ್ತಿಲ್ಲ, ಆದರೆ ಗುಣ ಬೇರಿನದ್ದೇ ಅಂತಲೂ ಹೇಳಲಾಗದು.

ಮಾತ್ರೆ ಆಮೇಲೆ ನೋಡೋಣ, ಮೊದಲು ತಟ್ಟೆ ನೋಡಿ. ನಮ್ಮ ದೇಶದ ಪೋಷಣಾ ಸಂಸ್ಥೆಯವರ 2020ರ ಲೆಕ್ಕದಲ್ಲಿ ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಮಲೆನಾಡಿನ ಊಟ ನೋಡಿ: ಬೆಳಿಗ್ಗೆ ಅಕ್ಕಿರೊಟ್ಟಿ ಇಲ್ಲ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಅನ್ನ. ಅಕ್ಕಿಯಲ್ಲಿ ಕ್ಯಾಲ್ಸಿಯಂ ಇಲ್ಲ ಅಂತಲೇ ಇಟ್ಟುಕೊಳ್ಳಿ. ಕೊಟ್ಟಿಗೆ ತುಂಬ ಹಸುಗಳಿದ್ದರೂ ಹಾಲು ಡೇರಿಗೆ ಹೋಗುತ್ತದೆ, ಉಳಿದದ್ದು ಮಕ್ಕಳಿಗೆ ಮತ್ತು ಕಾಫಿಗೆ. ಹಾಲು ಕರೆದವಳ ಲೋಟಕ್ಕೆ ಬೀಳುವುದು ಮಜ್ಜಿಗೆಯ ನೀರು. ಇದನ್ನು ಮೊದಲು ಸರಿಮಾಡಿ. 200 ಎಂಎಲ್ ಲೋಟದ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಇರುತ್ತದೆ. ದಿನಕ್ಕೆ ಒಂದು ಲೋಟ ಹಾಲು ನಿಮ್ಮ ಹೆಸರಲ್ಲಿ ಎತ್ತಿಡಿ, ಒಂದು ಬಟ್ಟಲು ಗಟ್ಟಿ ಮೊಸರು ಊಟಕ್ಕೆ. 50 ಗ್ರಾಂ ರಾಗಿಹಿಟ್ಟಿನಲ್ಲಿ ಹತ್ತಿರ ಹತ್ತಿರ 180 ಮಿಲಿಗ್ರಾಂ ಇದೆ. ಭದ್ರಾವತಿ, ಶಿಕಾರಿಪುರದ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ, ನಮ್ಮ ತೀರ್ಥಹಳ್ಳಿ ಕಡೆಯವರಿಗೆ ರಾಗಿ ಅಂದರೆ ಇನ್ನೂ ಜ್ವರ ಬಂದಾಗಿನ ಗಂಜಿ. ಅಕ್ಕಿರೊಟ್ಟಿ ಹಿಟ್ಟಿಗೆ ಮೂರರಲ್ಲೊಂದು ಪಾಲು ರಾಗಿ ಬೆರೆಸಿ ನೋಡಿ. ರೊಟ್ಟಿ ಸ್ವಲ್ಪ ಕಪ್ಪಾಗುತ್ತದೆ, ರುಚಿ ಕೆಡುವುದಿಲ್ಲ.

ತಂಬುಳಿಗಳ ಬಗ್ಗೆ ನನಗೆ ಪಕ್ಷಪಾತ ಇದೆ, ಒಪ್ಪಿಕೊಳ್ಳುತ್ತೇನೆ. ಒಂದೆಲಗ, ದೊಡ್ಡಪತ್ರೆ, ಚಕ್ರಮುನಿ, ಯಾವ ಸೊಪ್ಪು ಹಿತ್ತಲಲ್ಲಿದೆಯೋ ಅದು. ಒಂದೆಲಗ ತಿಂದರೆ ಪಿಎಂಎಸ್ ಹೋಗುತ್ತದೆ ಅಂತ ಹೇಳಲು ಆಧಾರ ಇಲ್ಲ. ಆದರೆ ಮೊಸರು ಹೊಟ್ಟೆಗೆ ಹೋಗಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ, ಮಳೆಗಾಲದಲ್ಲಿ ಬರೀ ಮೊಸರು ಶೀತ ಅಂತ ದೂರ ಇಡುವವರೂ ತಂಬುಳಿಯನ್ನು ಎರಡು ಸಲ ಹಾಕಿಸಿಕೊಳ್ಳುತ್ತಾರೆ.

ಇನ್ನು ಎಳ್ಳುನೀರು. ಬೇಸಿಗೆಯಲ್ಲಿ ತೋಟದಿಂದ ಬಂದವರಿಗೆ ಕೊಡುವ ಪಾನಕ ಅಂತಲೇ ನಾವು ಅಂದುಕೊಂಡಿದ್ದೇವೆ. ಎರಡು ದೊಡ್ಡ ಚಮಚ ಎಳ್ಳು ತೆಗೆದುಕೊಳ್ಳಿ, ಸಿಪ್ಪೆ ತೆಗೆಯದ್ದು, ಕ್ಯಾಲ್ಸಿಯಂ ಸಿಪ್ಪೆಯಲ್ಲೇ ಜಾಸ್ತಿ. ಚಟಪಟ ಅನ್ನುವಷ್ಟು ಹುರಿಯಿರಿ, ಕಂದಾದರೆ ಕಹಿ. ಎರಡು ಗಂಟೆ ನೆನೆಸಿ, ಒಂದು ಏಲಕ್ಕಿ, ಸಣ್ಣ ಅಚ್ಚಿನ ಕಾಲು ಭಾಗ ಬೆಲ್ಲ ಹಾಕಿ ನುಣ್ಣಗೆ ರುಬ್ಬಿ, ಕಾಯಿಸಿ ಆರಿಸಿದ ಹಾಲು ಅರ್ಧ ಲೋಟ, ನೀರು ಅರ್ಧ ಲೋಟ ಬೆರೆಸಿ. ಸೋಸಬೇಡಿ. ಎಳ್ಳಿನಿಂದಲೇ ಸುಮಾರು 200 ಮಿಲಿಗ್ರಾಂ ಕ್ಯಾಲ್ಸಿಯಂ, ಅದರ ಜೊತೆಗೆ ಮೆಗ್ನೀಸಿಯಂ. ಎಳ್ಳಿನ ಕ್ಯಾಲ್ಸಿಯಂ ಪೂರ್ತಿ ಮೈಗೆ ಹತ್ತುವುದಿಲ್ಲ, ಹಾಲಿನದ್ದು ಅದಕ್ಕಿಂತ ಚೆನ್ನಾಗಿ ಹತ್ತುತ್ತದೆ, ಅದಕ್ಕೇ ಎರಡೂ ಸೇರಲಿ ಅಂದದ್ದು. "ಎಳ್ಳು ಉಷ್ಣ, ಬೇಗ ಹೊರಗಾಗ್ತೀಯ" ಅಂತ ದೊಡ್ಡಮ್ಮಂದಿರು ಹೆದರಿಸುತ್ತಾರೆ. ನಾನು ಮೂರು ತಿಂಗಳು ಕುಡಿದು ಕ್ಯಾಲೆಂಡರ್ ನೋಡಿದೆ, ತಾರೀಕು ಅಲ್ಲಾಡಲಿಲ್ಲ.

ಮಾತ್ರೆಯೇ ಬೇಕು ಅಂದರೆ ಡಾಕ್ಟರ್ ಹತ್ತಿರ ಕೇಳಿ, ಒಂದು ಸಲಕ್ಕೆ 500 ಮಿಲಿಗ್ರಾಂ ಮೀರದ ಹಾಗೆ ಊಟದ ಜೊತೆ ತೆಗೆದುಕೊಳ್ಳಿ. ಕಬ್ಬಿಣದ ಮಾತ್ರೆ ಜೊತೆ ಒಟ್ಟಿಗೆ ನುಂಗಬೇಡಿ, ಒಂದು ಇನ್ನೊಂದನ್ನು ಹಿಡಿಯಲು ಬಿಡುವುದಿಲ್ಲ. ಥೈರಾಯ್ಡ್ ಮಾತ್ರೆ ತಿನ್ನುವವರು ನಡುವೆ ನಾಲ್ಕು ಗಂಟೆ ಬಿಡಬೇಕು. ಮೂತ್ರಪಿಂಡದಲ್ಲಿ ಕಲ್ಲಾಗಿದ್ದವರು ಕೇಳದೇ ಶುರುಮಾಡಲೇಬಾರದು. ಬಿ6 ವಿಟಮಿನ್ನಿಗೂ ಸ್ವಲ್ಪ ಹೆಸರಿದೆ. ಆದರೆ ಅದನ್ನು ದೊಡ್ಡ ಡೋಸಿನಲ್ಲಿ ತಿಂಗಳುಗಟ್ಟಲೆ ತಿಂದರೆ ಕೈಕಾಲಿನ ನರಕ್ಕೆ ಪೆಟ್ಟಾಗುತ್ತದೆ, ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತಂದು ತಿನ್ನುವ ವಸ್ತು ಅಲ್ಲ.

ಏನು ಬಿಡಬೇಕು, ಎಷ್ಟು ದಿನ

ಉಪ್ಪು. ನಮ್ಮ ಜಿಲ್ಲೆಯ ಹೆಂಗಸರಿಗೆ ಈ ಮಾತು ಹೇಳುವುದು ಕಷ್ಟ, ಯಾಕೆಂದರೆ ಉಪ್ಪು ಅಂದರೆ ಅಪ್ಪೆಮಿಡಿ. ಉಪ್ಪಿನಲ್ಲಿ ಚಿರುಟಿದ ಮಿಡಿ, ಅದರ ರಸ, ಜೊತೆಗೆ ಹಪ್ಪಳ, ಬಾಳಕದ ಮೆಣಸು. ಇಡೀ ದಿನಕ್ಕೆ ಒಬ್ಬರಿಗೆ 5 ಗ್ರಾಂ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಒಂದು ಚಿಕ್ಕ ಚಮಚ. ಜಾಸ್ತಿ ಉಪ್ಪು ಮೈಯಲ್ಲಿ ನೀರು ಹಿಡಿದಿಡುತ್ತದೆ, ಮೊದಲೇ ಉಬ್ಬಿದ ಹೊಟ್ಟೆ, ಬಿಗಿಯಾದ ಬಳೆ ಇನ್ನಷ್ಟು ಬಿಗಿಯಾಗುತ್ತವೆ. ವರ್ಷವಿಡೀ ಮಿಡಿ ಬಿಡಿ ಅಂತ ನಾನು ಹೇಳಿದರೆ ನನ್ನನ್ನೇ ಮನೆಯಿಂದ ಹೊರಹಾಕುತ್ತಾರೆ. ಅಕ್ಷರಗಳು ಶುರುವಾಗುವ ದಿನದಿಂದ ಮುಟ್ಟಾಗುವವರೆಗೆ ಬಿಡಿ, ಸಾಕು. ಏಳೆಂಟು ದಿನ. ಕ್ಯಾಲೆಂಡರ್ ಇದ್ದರೆ ಇದು ಸುಲಭ, ಎಲ್ಲಿಂದ ಎಲ್ಲಿಯವರೆಗೆ ಅಂತ ಗೊತ್ತಿರುತ್ತದೆ.

ಕಾಫಿ. ಪಿಎಂಎಸ್‌ಗೂ ಕಾಫಿಗೂ ನೇರ ಸಂಬಂಧ ಇದೆಯೋ ಇಲ್ಲವೋ, ಅಧ್ಯಯನಗಳು ಒಂದೊಂದು ಒಂದೊಂದು ಹೇಳುತ್ತವೆ. ನಿದ್ದೆಗೂ ಕಾಫಿಗೂ ಸಂಬಂಧ ಇರುವುದು ಮಾತ್ರ ಖಂಡಿತ. ಕುಡಿದ ಕೆಫೀನಿನಲ್ಲಿ ಅರ್ಧ ಮೈಯಿಂದ ಹೋಗಲು ಸುಮಾರು ಐದು ಗಂಟೆ ಬೇಕು, ಸಂಜೆ ಆರಕ್ಕೆ ನೆಂಟರು ಬಂದರು ಅಂತ ಕುಡಿದದ್ದು ರಾತ್ರಿ ಹನ್ನೊಂದಕ್ಕೂ ಅರ್ಧ ಒಳಗಿರುತ್ತದೆ. ನಾನು ಮಧ್ಯಾಹ್ನ ಎರಡರ ನಂತರ ಆ ವಾರ ಕಾಫಿ ಮುಟ್ಟುವುದಿಲ್ಲ. ಒಮ್ಮೆಗೇ ಪೂರ್ತಿ ಬಿಡಬೇಡಿ, ತಲೆನೋವು ಬರುತ್ತದೆ, ಆಮೇಲೆ ಅದು ಪಿಎಂಎಸ್ ತಲೆನೋವೋ ಕಾಫಿ ತಲೆನೋವೋ ಗೊತ್ತಾಗದೆ ಕ್ಯಾಲೆಂಡರ್ ಹಾಳಾಗುತ್ತದೆ. ಊಟ ಮುಗಿದ ಕೂಡಲೇ ಕಾಫಿ ಟೀ ಕುಡಿದರೆ ಊಟದ ಕಬ್ಬಿಣ ಮೈಗೆ ಅಷ್ಟಾಗಿ ಹತ್ತುವುದಿಲ್ಲ, ರಕ್ತ ಕಡಿಮೆ ಇರುವವರು ಇದನ್ನೂ ನೋಡಿಕೊಳ್ಳಿ.

ಕವಳದ ಬಗ್ಗೆ ಒಂದು ಮಾತು. ಮನಸ್ಸು ಕಿರಿಕಿರಿ ಆದಾಗ ಎಲೆಅಡಿಕೆ ಹಾಕಿಕೊಂಡರೆ ಸಮಾಧಾನ ಅನ್ನುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅಡಿಕೆಯಿಂದಲೇ ಬದುಕುವ ಮನೆಯವಳು ನಾನು, ಆದರೂ ಹೇಳುತ್ತೇನೆ: ಹೊಗೆಸೊಪ್ಪು ಹಾಕದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಸಮಾಧಾನಕ್ಕೆ ಬೇರೆ ದಾರಿ ಹುಡುಕಿ.

ಸಿಹಿ ಬೇಕು ಅನ್ನಿಸಿದಾಗ ಬಿಸ್ಕತ್ತು ಡಬ್ಬಿಗೆ ಕೈ ಹಾಕುವ ಬದಲು ಬಾಳೆಹಣ್ಣು. ಹೊತ್ತು ಹೊತ್ತಿಗೆ ಸ್ವಲ್ಪ ಸ್ವಲ್ಪ ತಿನ್ನುತ್ತಿದ್ದರೆ ಈ ಆಸೆಯೇ ಕಡಿಮೆ. ಬೆಳಗಿನ ತಿಂಡಿಯನ್ನು ಹನ್ನೊಂದಕ್ಕೆ ತಿನ್ನುವವರಿಗೆ ಸಿಟ್ಟು ಬರದೆ ಇನ್ನೇನು ಬಂದೀತು?

ಕಷಾಯ, ಶುಂಠಿ, ಲಕ್ಕಿ

ಸೊರಬ, ಸಾಗರದ ಕಡೆ ಗದ್ದೆಗಟ್ಟಲೆ ಶುಂಠಿ ಬೆಳೆಯುತ್ತಾರೆ, ಅದನ್ನು ಬಳಸಿ. ಶುಂಠಿಯ ಬಲ ಇರುವುದು ಮುಟ್ಟಿನ ಹೊಟ್ಟೆನೋವಿಗೆ. ಮೊದಲ ಮೂರು ನಾಲ್ಕು ದಿನ ತೆಗೆದುಕೊಂಡರೆ ನೋವು ತಗ್ಗುತ್ತದೆ ಅನ್ನುವುದಕ್ಕೆ ಹಲವು ಪರೀಕ್ಷೆಗಳಲ್ಲಿ ಆಧಾರ ಸಿಕ್ಕಿದೆ. ಸಿಟ್ಟಿಗೆ ಅದು ಮದ್ದಲ್ಲ. ಹೆಬ್ಬೆರಳಿನ ಮೊದಲ ಗೆಣ್ಣಿನಷ್ಟು ಶುಂಠಿ ಜಜ್ಜಿ, ಒಂದೂವರೆ ಲೋಟ ನೀರು ಒಂದು ಲೋಟಕ್ಕೆ ಇಳಿಯುವವರೆಗೆ ಕುದಿಸಿ, ಚಿಟಿಕೆ ಜೀರಿಗೆ, ಬೆಲ್ಲ. ಹೊಟ್ಟೆ ಉರಿ ಇದ್ದವರು ಖಾಲಿ ಹೊಟ್ಟೆಗೆ ಕುಡಿಯಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಡಾಕ್ಟರ್ ಹತ್ತಿರ ಕೇಳಿಯೇ ಕುಡಿಯಿರಿ. ಕೊತ್ತಂಬರಿ, ಜೀರಿಗೆ, ಮೆಂತ್ಯ, ಕಾಳುಮೆಣಸಿನ ಮನೆ ಕಷಾಯಪುಡಿ ಸಂಜೆಯ ಕಾಫಿಯ ಜಾಗ ತುಂಬಲು ಚೆನ್ನ. ಅದಕ್ಕಿಂತ ದೊಡ್ಡ ಬಿರುದು ಅದಕ್ಕೆ ಬೇಡ.

ಲಕ್ಕಿ ಗಿಡದ ಕಥೆ ಹೇಳಲೇಬೇಕು, ಇದರಲ್ಲಿ ಜನ ಮೋಸ ಹೋಗುತ್ತಾರೆ. ವೈಟೆಕ್ಸ್ ಆಗ್ನಸ್ ಕಾಸ್ಟಸ್ ಅನ್ನುವ ಗಿಡದ ಹಣ್ಣಿನ ಸಾರ ಪಿಎಂಎಸ್‌ಗೆ ಒಳ್ಳೆಯದು ಅಂತ ಯುರೋಪಿನಲ್ಲಿ ಹೆಸರಾಗಿದೆ. 2001ರಲ್ಲಿ ಪ್ರಕಟವಾದ 170 ಹೆಂಗಸರ ಅಧ್ಯಯನದಲ್ಲಿ ಅದನ್ನು ತಿಂದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಗುಣ ಸಿಕ್ಕಿತು, ಹುಸಿ ಮಾತ್ರೆಯವರಲ್ಲಿ ಕಾಲು ಭಾಗಕ್ಕೆ. ನಮ್ಮ ಬೇಲಿಯಲ್ಲಿ ಬೆಳೆಯುವ, ಬಾಣಂತಿ ಸ್ನಾನದ ನೀರಿಗೆ ಸೊಪ್ಪು ಹಾಕುವ ಲಕ್ಕಿಯೂ ವೈಟೆಕ್ಸ್ ಜಾತಿಯದ್ದೇ, ಆದರೆ ಅದು ವೈಟೆಕ್ಸ್ ನೆಗುಂಡೊ. ಅಣ್ಣ ತಮ್ಮ ಇದ್ದ ಹಾಗೆ, ಒಬ್ಬನ ಪರೀಕ್ಷೆಗೆ ಇನ್ನೊಬ್ಬನನ್ನು ಕೂರಿಸಲು ಆಗುವುದಿಲ್ಲ. ಮೊಬೈಲಿನಲ್ಲಿ ಓದಿ ಬೇಲಿಯ ಲಕ್ಕಿ ಕಾಳು ಕುದಿಸಿ ಕುಡಿಯಬೇಡಿ. ಆ ಯುರೋಪಿನ ಗಿಡದ ಮಾತ್ರೆಯನ್ನು ಕೂಡ ಬಸುರಿಯಾಗಲು ಪ್ರಯತ್ನಿಸುತ್ತಿರುವವರು, ಗರ್ಭನಿರೋಧಕ ಮಾತ್ರೆ ತಿನ್ನುವವರು ಕೇಳದೇ ತೆಗೆದುಕೊಳ್ಳಬಾರದು.

ಮುಟ್ಟಿನ ತೊಂದರೆಗೆ ಅಂತ ಬಳಸುವ ಅಶೋಕದ ತೊಗಟೆಯೂ ಹಾಗೇ. ನಿಜವಾದ ಅಶೋಕ ಪಶ್ಚಿಮ ಘಟ್ಟದ ಮರ, ಕಿತ್ತಳೆ ಬಣ್ಣದ ಗೊಂಚಲು ಹೂ ಬಿಡುತ್ತದೆ. ಶಾಲೆ ಕಾಂಪೌಂಡಿನಲ್ಲಿ ಕಂಬದ ಹಾಗೆ ನೆಟ್ಟಗೆ ಬೆಳೆಯುವುದು ಅದಲ್ಲ. ಆ ಕಾಂಪೌಂಡ್ ಮರದ ತೊಗಟೆಯನ್ನೇ ಅಶೋಕ ಅಂತ ಮಾರುವುದೂ ನಡೆಯುತ್ತದೆ. ಅರಿಷ್ಟ ಕುಡಿಯುವವರಿಗೆ ಇನ್ನೊಂದು ವಿಷಯ: ಅರಿಷ್ಟ ಅಂದರೆ ಹುದುಗಿಸಿದ್ದು, ಅದರಲ್ಲಿ ಆಲ್ಕೋಹಾಲ್ ಇರುತ್ತದೆ. ತೆಗೆದುಕೊಳ್ಳುವುದಾದರೆ ಆಯುರ್ವೇದ ವೈದ್ಯರನ್ನು ನೋಡಿ ತೆಗೆದುಕೊಳ್ಳಿ, ಅತ್ತಿಗೆಯ ಬಾಟಲಿಯಿಂದ ಬಗ್ಗಿಸಿಕೊಳ್ಳಬೇಡಿ.

ಯಾವುದನ್ನೇ ಮಾಡಿ, ಒಂದು ಸಲಕ್ಕೆ ಒಂದೇ. ಮೂರು ತಿಂಗಳು. ಅಕ್ಷರಗಳ ಪಕ್ಕದ 3 ಇಳಿದು 1 ಆಯಿತಾ ನೋಡಿ. ಎಳ್ಳುನೀರು, ಶುಂಠಿ, ಯೋಗ, ಮಾತ್ರೆ ಎಲ್ಲ ಒಟ್ಟಿಗೆ ಶುರುಮಾಡಿದರೆ ಯಾವುದಕ್ಕೆ ಹೋಯಿತು ಅಂತ ಗೊತ್ತಾಗುವುದಿಲ್ಲ, ಆಮೇಲೆ ಎಲ್ಲವನ್ನೂ ಜೀವನಪೂರ್ತಿ ಮಾಡುತ್ತಾ ಕೂರಬೇಕು. ಹುಸಿ ಮಾತ್ರೆಯ ಆ 30 ನೆನಪಿದೆಯಲ್ಲ.

ನಡಿಗೆ, ಮತ್ತೆ "ನಾನು ದಿನವಿಡೀ ಕೆಲಸ ಮಾಡ್ತೀನಲ್ಲ"

ಇದು ಎಲ್ಲರೂ ಹೇಳುವ ಮಾತು, ನಾನೂ ಹೇಳಿದ್ದೆ. ಕೆಲಸ ದಣಿಸುತ್ತದೆ, ನಿಜ. ಅಡಿಕೆ ಸುಗ್ಗಿಯಲ್ಲಿ ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿ ಮುಂದೆ ಕೂತು ಸುಲಿದರೆ ಸೊಂಟ ಬಿದ್ದುಹೋಗುತ್ತದೆ, ಉಸಿರು ಮಾತ್ರ ಒಮ್ಮೆಯೂ ಏರುವುದಿಲ್ಲ. ಪಿಎಂಎಸ್‌ಗೆ ನೆರವಾಗುವುದು ಉಸಿರು ಏರುವ ಚಟುವಟಿಕೆ: ಬಿರುಸು ನಡಿಗೆ, ಸೈಕಲ್, ಈಜು. ವಾರಕ್ಕೆ ಒಟ್ಟು 150 ನಿಮಿಷ, ಅಂದರೆ ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು. ಆ ಒಂದು ವಾರ ಮಾತ್ರ ಅಲ್ಲ, ತಿಂಗಳಿಡೀ.

ಶಿವಮೊಗ್ಗದಲ್ಲಿರುವವರಿಗೆ ಗಾಂಧಿ ಪಾರ್ಕ್ ಇದೆ, ನೆಹರೂ ಸ್ಟೇಡಿಯಂ ಇದೆ. ನಮ್ಮಂಥ ಹಳ್ಳಿಯವರಿಗೆ ಸಮಸ್ಯೆ ಎರಡು, ಮಳೆ ಮತ್ತು ಜನರ ಬಾಯಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ತೋಟದ ದಾರಿಯಲ್ಲಿ ಹೋದರೆ ಉಂಬಳ ಕಾಲಿಗೆ ಹತ್ತುತ್ತದೆ, ಸುಣ್ಣ ಹೊಗೆಸೊಪ್ಪು ಬಳಿದುಕೊಂಡು ಯಾರು ವಾಕಿಂಗ್ ಹೋಗುತ್ತಾರೆ? ಆಗ ಮನೆಯೊಳಗೇ. ನಾನು ಅಡಿಕೆ ಅಟ್ಟದ ಕೆಳಗಿನ ಉದ್ದ ಜಗಲಿಯಲ್ಲಿ ರೇಡಿಯೋ ಹಚ್ಚಿಕೊಂಡು ಆ ತುದಿಯಿಂದ ಈ ತುದಿಗೆ ನಡೆಯುತ್ತೇನೆ, ಅದು ಬೇಜಾರಾದ ದಿನ ನಿಧಾನವಾಗಿ ಹನ್ನೆರಡು ಸೂರ್ಯ ನಮಸ್ಕಾರ. ಜನರ ಬಾಯಿಗೆ ಮದ್ದು: ಇನ್ನೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಒಬ್ಬಳೇ ಹೋದರೆ "ಎಲ್ಲಿಗೆ ಹೊರಟಳು", ಇಬ್ಬರು ಹೋದರೆ "ವಾಕಿಂಗಾ?"

ಕೆಳಹೊಟ್ಟೆ, ಸೊಂಟ ಹಿಡಿದ ದಿನ ಬಿಸಿ. ಹಂಡೆಯ ನೀರು ಯಾವತ್ತೂ ಕುದಿಯುತ್ತಿರುವ ಊರು ನಮ್ಮದು, ರಬ್ಬರ್ ಬ್ಯಾಗಿಗೆ ತುಂಬಿ ಬಟ್ಟೆ ಸುತ್ತಿ ಇಟ್ಟುಕೊಳ್ಳಿ. ನೋವಿನ ಮಾತ್ರೆ ತಿಂದರೆ ಪಾಪವಲ್ಲ, ಊಟ ಮಾಡಿ ತಿನ್ನಿ, ಹೊಟ್ಟೆಹುಣ್ಣು, ಅಸ್ತಮಾ, ಮೂತ್ರಪಿಂಡದ ತೊಂದರೆ ಇರುವವರು ಕೇಳಿ ತಿನ್ನಿ.

ನಿದ್ದೆಗೆ ಒಂದೇ ಸೂತ್ರ, ಏಳುವ ಹೊತ್ತು ಬದಲಿಸಬೇಡಿ. ಸುಗ್ಗಿಯಲ್ಲಿ ಇದು ಆಗದ ಮಾತು ಅಂತ ನನಗೂ ಗೊತ್ತು. ಹಾಗಾಗಿ ಆ ವಾರ ಸುಲಿಯುವ ಸರದಿಯಿಂದ ಒಂಬತ್ತಕ್ಕೇ ಎದ್ದುಬಿಡಿ, ಬೇರೆ ವಾರ ತುಂಬಿಕೊಡಿ.

ಹಬ್ಬಕ್ಕೆ ಮುಟ್ಟು ಮುಂದೂಡುವ ಮಾತ್ರೆ

ಗಣಪತಿ ಹಬ್ಬ, ದೀಪಾವಳಿ, ಸಿಗಂದೂರಿಗೆ ಹೊರಟ ದಿನ. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ತಂದು ನುಂಗುವವರು ಬಹಳ. ಸಾಮಾನ್ಯವಾಗಿ ಕೊಡುವುದು ನಾರ್‌ಎಥಿಸ್ಟೆರಾನ್, ಅದು ಪ್ರೊಜೆಸ್ಟೆರಾನಿನ ಹಾಗೇ ಕೆಲಸ ಮಾಡುವ ಮದ್ದು. ಎದೆ ಭಾರ, ಉಬ್ಬರ, ಮನಸ್ಸು ಕೆಡುವುದು ಅದರ ಅಡ್ಡಪರಿಣಾಮಗಳೇ, ಅಂದರೆ ನೀವು ಪಿಎಂಎಸ್ ಅನ್ನೇ ದುಡ್ಡು ಕೊಟ್ಟು ಉದ್ದ ಮಾಡಿಕೊಂಡ ಹಾಗೆ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಇತಿಹಾಸ ಇರುವವರಿಗೆ ಇದು ಅಪಾಯ. ಬೇಕೇ ಬೇಕಾದರೆ ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ. ದೇವರಿಗೆ ಇದರಿಂದ ತೊಂದರೆ ಅಂತ ನನಗಂತೂ ಅನ್ನಿಸಿಲ್ಲ, ಆದರೆ ಆ ಜಗಳವನ್ನು ಇಲ್ಲಿ ತೆಗೆಯುವುದಿಲ್ಲ.

ಮನೆಯಲ್ಲಿ ಹೇಳುವುದು

ಸಿಟ್ಟು ಬಂದ ಕ್ಷಣದಲ್ಲಿ "ನಂಗೆ ಪಿಎಂಎಸ್" ಅಂದರೆ ಯಾರೂ ನಂಬುವುದಿಲ್ಲ, ನೆಪ ಅನ್ನುತ್ತಾರೆ. ಗೀಟಿನ ದಿನಗಳಲ್ಲಿ ಹೇಳಿ. ನಾನು ನಮ್ಮನೆಯವರಿಗೆ ಮೂರು ತಿಂಗಳ ಹಾಳೆ ತೋರಿಸಿ, "ಇಲ್ಲಿಂದ ಇಲ್ಲಿವರೆಗೆ ಬೆಳಗಿನ ತಿಂಡಿ ನಿಮ್ದು, ಅವಲಕ್ಕಿ ಮಾಡಿದ್ರೂ ಸಾಕು" ಅಂದೆ. ಸುಮ್ಮನೆ ಅರ್ಥ ಮಾಡಿಕೊಳ್ಳಿ ಅನ್ನುವುದಕ್ಕಿಂತ ಹೀಗೆ ಒಂದು ಕೆಲಸ ಹೇಳಿದರೆ ಅವರಿಗೂ ಸುಲಭ. ಒಂದು ಎಚ್ಚರಿಕೆ: ಆಮೇಲೆ ನೀವು ನ್ಯಾಯವಾಗಿ ಸಿಟ್ಟು ಮಾಡಿದಾಗಲೂ ಕ್ಯಾಲೆಂಡರ್ ಕಡೆ ನೋಡಿ ನಕ್ಕರೆ ಬಿಡಬೇಡಿ. ಗೀಟಿನ ದಿನದ ಸಿಟ್ಟು ಪಕ್ಕಾ ಸಿಟ್ಟು.

ಮನೆಮದ್ದು ಸಾಲದಾಗ

ಪ್ರತೀ ತಿಂಗಳೂ ಕೆಲಸಕ್ಕೆ, ಕಾಲೇಜಿಗೆ ಹೋಗಲಾಗದಷ್ಟು, ಬದುಕೇ ಬೇಡ ಅನ್ನಿಸುವಷ್ಟು ಆಗುತ್ತಿದ್ದರೆ ಅದು ಪಿಎಂಡಿಡಿ, ಅಂದರೆ ಪಿಎಂಎಸ್‌ನ ತೀವ್ರ ರೂಪ ಇರಬಹುದು. ಇದರ ಮುಂದೆ ಎಳ್ಳುನೀರು, ಕಷಾಯದ ಮಾತೇ ಬೇಡ. ಸೆರೊಟೋನಿನ್ ಸರಿಪಡಿಸುವ ಮಾತ್ರೆಗಳಿವೆ, ಕೆಲವರಿಗೆ ಮುಟ್ಟಿನ ಮೊದಲಿನ ಎರಡು ವಾರ ಮಾತ್ರ ಕೊಡುತ್ತಾರೆ, ಚೆನ್ನಾಗಿ ಕೆಲಸ ಮಾಡುತ್ತವೆ. "ಅದು ಹುಚ್ಚರ ಮಾತ್ರೆ" ಅನ್ನುವವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ. ಸಾಯುವ ಯೋಚನೆ ಬಂದರೆ ತಿಂಗಳ ಕೊನೆಯವರೆಗೆ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ತೆಗೆಯುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಎರಡು ಮುಟ್ಟಿನ ನಡುವೆ ರಕ್ತ ಹೋಗುವುದು, ಪ್ಯಾಡ್ ಗಂಟೆಗೊಂದು ನೆನೆಯುವುದು, ನೋವು ವರ್ಷದಿಂದ ವರ್ಷಕ್ಕೆ ಏರುವುದು, ಮುಟ್ಟೇ ತಪ್ಪುವುದು, ಇವೂ ಪಿಎಂಎಸ್ ಅಲ್ಲ, ತೋರಿಸಲೇಬೇಕು. ನಲವತ್ತು ದಾಟಿದವರಿಗೆ ಮುಟ್ಟು ನಿಲ್ಲುವ ಮೊದಲಿನ ವರ್ಷಗಳಲ್ಲಿ ಪಿಎಂಎಸ್ ಕೆರಳುವುದುಂಟು, ವಯಸ್ಸಾಯಿತು ಅಂತ ಸುಮ್ಮನಿರಬೇಡಿ. ತಾಲ್ಲೂಕು ಆಸ್ಪತ್ರೆಯಲ್ಲೂ ಶಿವಮೊಗ್ಗದ ಮೆಗ್ಗಾನ್‌ನಲ್ಲೂ ಸ್ತ್ರೀರೋಗ ವಿಭಾಗ ಇದೆ.

ಹೋಗುವಾಗ ಆ ಮೂರು ತಿಂಗಳ ಕ್ಯಾಲೆಂಡರ್ ಹಾಳೆಗಳನ್ನು ಹರಿದು ಚೀಲಕ್ಕೆ ಹಾಕಿಕೊಳ್ಳಿ. ಡಾಕ್ಟರ್ ಮೊದಲು ಕೇಳುವುದು "ಯಾವಾಗಿಂದ, ಯಾವ ದಿನಗಳಲ್ಲಿ?" ಅಂತಲೇ, ಎದುರು ಕೂತಾಗ ಅದೊಂದೇ ನೆನಪಾಗುವುದಿಲ್ಲ. ಹಾಳೆಯಲ್ಲಿ ಗ್ಯಾಸ್ ಬಂದ ದಿನ, ಡೇರಿ ಲೆಕ್ಕ, ಹಸು ಬೆದೆಗೆ ಬಂದ ಸುತ್ತು ಎಲ್ಲ ಇರುತ್ತದೆ. ಇರಲಿ ಬಿಡಿ. ಯಾವ ಸುತ್ತು ನಿಮ್ಮದು, ಯಾವುದು ಹಸುವಿನದು ಅಂತ ಮಾತ್ರ ಹೇಳಿ.